ಹೆಸರು ಹೇಳದೆ ಬಾಗಿಲಲ್ಲಿ ನಿಂತವರು

ಹೋದ ತಿಂಗಳು ಒಂದು ನಾಮಕರಣಕ್ಕೆಂದು ರಾಮನಗರಕ್ಕೆ ಹೋಗಬೇಕಾಯಿತು. ಮಾಗಡಿಯಲ್ಲಿ ಬಸ್ಸು ಹತ್ತಿ ಕಿಟಕಿ ಪಕ್ಕ ಕೂತವಳು ದಾರಿಯುದ್ದಕ್ಕೂ ತೂಕಡಿಸಿದೆ. ಊರು ಬಂತು ಅಂತ ನನ್ನನ್ನು ಎಬ್ಬಿಸಿದ್ದು ಕಂಡಕ್ಟರ್ ಅಲ್ಲ, ನನ್ನ ಮೂಗು. ಗೂಡು ಬೇಯುವ ವಾಸನೆ. ರೇಷ್ಮೆಗೂಡನ್ನು ಬಿಸಿನೀರಿಗೆ ಹಾಕಿ ದಾರ ತೆಗೆಯುವಾಗ ಒಳಗಿನ ಹುಳುವೂ ಬೇಯುತ್ತದಲ್ಲ, ಅದು. ಅದು ನಮ್ಮ ಅನ್ನದ ವಾಸನೆ ಎಂದು ನಮ್ಮ ಯಜಮಾನರ ಪಕ್ಷದವರು ಭಾಷಣದಲ್ಲಿ ಹೇಳಿ ಚಪ್ಪಾಳೆ ಗಿಟ್ಟಿಸುತ್ತಿದ್ದರು. ನನಗೆ ಮಾತ್ರ ಅದು ಯಾವತ್ತೂ ಹುಳುವಿನ ವಾಸನೆಯೇ.

ವಾಸನೆ ಮೂಗಿಗೆ ಬಿದ್ದದ್ದೇ ತಡ, ನನ್ನ ಎಡಗೈ ತಾನಾಗಿ ಬಲ ಹೆಗಲಿಗೆ ಹೋಯಿತು. ಅದು ನಮ್ಮ ಯಜಮಾನರ ಕೈ ಇರುವ ಜಾಗ. ರಾಮನಗರದ ಬೀದಿಗಳಲ್ಲಿ ನಾವು ನಡೆದದ್ದೆಲ್ಲ ಹಾಗೇ, ನಾನು ಮುಂದೆ, ನನ್ನ ಹೆಗಲ ಮೇಲೆ ಕೈಯಿಟ್ಟು ಅವರು ಹಿಂದೆ. ಹೆಗಲು ಖಾಲಿಯಿತ್ತು. ಬಸ್ಸಲ್ಲೇ ತಿರುಗಿ ನೋಡಿದೆ. ಅವರು ಮಾಗಡಿ ಪಕ್ಕದ ತಿಪ್ಪಸಂದ್ರದ ಮನೆಯಲ್ಲಿ ಆರಾಮಾಗಿ ಕೂತಿದ್ದಾರೆ ಎಂಬುದು ನೆನಪಾಗಲು ಸ್ವಲ್ಪ ಹೊತ್ತು ಹಿಡಿಯಿತು. ಪಕ್ಕದ ಹೆಂಗಸು "ಏನಾರ ಬಿದ್ದೋಯ್ತಾ ಅಮ್ಮಾ?" ಎಂದು ಸೀಟಿನ ಕೆಳಗೆ ಬಗ್ಗಿ ನೋಡಿದಳು. ಆ ಊರು ಬಿಟ್ಟು ಕೆಲವು ವರ್ಷಗಳೇ ಆದವು. ಊರು ಬಿಡಿಸಿದ ಆ ಮಳೆಗಾಲ ಇನ್ನೂ ನನ್ನ ಮೈ ಬಿಟ್ಟಿಲ್ಲ.

ಯಜಮಾನರ ಹೆಸರು ಮರಿಯಪ್ಪ. ಚಿಕ್ಕಂದಿನಲ್ಲಿ ಬಂದ ಜ್ವರ ಎರಡೂ ಕಣ್ಣು ತೆಗೆದುಕೊಂಡು ಹೋಯಿತು. ಅಂಧರ ಶಾಲೆಯಲ್ಲಿ ಓದಿ ಊರಿಗೆ ಬಂದವರು ನೇರ ಹೋಗಿ ಸೇರಿದ್ದು ಕೆಂಪು ಬಾವುಟದ ಪಕ್ಷಕ್ಕೆ. ಪಕ್ಷದ ಹೆಸರು ಇಲ್ಲಿ ಬೇಡ, ಬಾವುಟದ ಬಣ್ಣ ಹೇಳಿದರೆ ಸಾಕು. ಅವರ ಗಂಟಲು ದೊಡ್ಡದು, ನೆನಪು ಅದಕ್ಕಿಂತ ದೊಡ್ಡದು. ಯಾವ ಮಾಲೀಕ ಯಾವ ಮಾತುಕತೆಯಲ್ಲಿ ಏನು ಒಪ್ಪಿಕೊಂಡಿದ್ದ ಎಂಬುದನ್ನು ಅವನದೇ ಧ್ವನಿಯಲ್ಲಿ ತಿರುಗಿ ಹೇಳಿ ಅವನನ್ನು ಬೆವರಿಳಿಸುತ್ತಿದ್ದರು. ಕಾರ್ಮಿಕ ಸಂಘದ ಸಮಿತಿಯಲ್ಲಿ ಅವರಿಲ್ಲದೆ ಒಂದು ತೀರ್ಮಾನವೂ ಆಗುತ್ತಿರಲಿಲ್ಲ. ನಮ್ಮ ಮದುವೆಯೂ ಪಕ್ಷದ ಆಫೀಸಿನಲ್ಲೇ ಆಯಿತು. ಎರಡು ಹಾರ, ಒಂದು ಭಾಷಣ, ಆಮೇಲೆ ಖಾರಾಬೂಂದಿ, ಕಾಫಿ. ಮಗಳು ಕುರುಡನನ್ನು ಕಟ್ಟಿಕೊಂಡಳೆಂದು ನಮ್ಮವ್ವ ಅಳಲಿಲ್ಲ, ಕಮ್ಯುನಿಸ್ಟನನ್ನು ಕಟ್ಟಿಕೊಂಡಳೆಂದು ಅತ್ತಳು.

ಆ ಭಾಷಣ ಮಾಡಿದ್ದು ನಾಗರಾಜು. ಆಗಲೇ ಪಕ್ಷಕ್ಕೂ ಸಂಘಕ್ಕೂ ಕಾರ್ಯದರ್ಶಿ, ಕಡೆಯವರೆಗೂ ಕಾರ್ಯದರ್ಶಿ. ಬಾಯಲ್ಲಿ ಸದಾ ಒಂದು ಲವಂಗ. ನಮ್ಮೆಜಮಾನರನ್ನು "ಲೇ ಮರಿಯ" ಎನ್ನುವ ಒಬ್ಬನೇ ಮನುಷ್ಯ. ಒಂದು ಒಳ್ಳೆಯ ರೂಢಿ ತಂದವನೂ ಅವನೇ, ಅದನ್ನು ಹೇಳದಿದ್ದರೆ ನನ್ನ ನಾಲಿಗೆ ಸೇದಿಹೋಗುತ್ತದೆ. ಯಜಮಾನರು ಸಮಿತಿಗೆ ಬಂದ ಮೊದಲ ದಿನವೇ ಅವನು ಹೇಳಿದನಂತೆ, "ಇನ್ಮೇಲೆ ಕೈ ಎತ್ತೋರು ಬಾಯಲ್ಲಿ ಎಸ್ರೂ ಯೋಳ್ರಪ್ಪ. ಯಾರು ಯಾವ ಕಡೆ ಅಂತ ನಮ್ ಮರಿಯಂಗೂ ಗೊತ್ತಾಗ್ಬೇಕು." ಅಂದಿನಿಂದ ಪ್ರತಿಯೊಬ್ಬರೂ ಕೈಯೆತ್ತಿ ಹೆಸರು ಹೇಳುತ್ತಿದ್ದರು. ಇವರು ಜ್ವರ ಬಂದು ಮಲಗಿದ ದಿನವೂ ಹೇಳುತ್ತಿದ್ದರು. ಮೇಲಿನಿಂದ ಬಂದ ನಾಯಕರೊಬ್ಬರು ಇದು ರಷ್ಯಾದ ಪದ್ಧತಿಯೇ ಎಂದು ಕೇಳಿದ್ದರಂತೆ. ಆ ರೂಢಿ ನಮ್ಮ ಮನೆಗೂ ಬಂತು. ಬಾಗಿಲಿಗೆ ಬಂದವರು ಮೊದಲು ಹೆಸರು ಹೇಳುತ್ತಿದ್ದರು, ಆಮೇಲೆ ಚಪ್ಪಲಿ ಬಿಡುತ್ತಿದ್ದರು.

ಸಂಘದವರು ಸೇರಿ ತಮ್ಮದೇ ಒಂದು ರೇಷ್ಮೆ ಘಟಕ ಕಟ್ಟಿದ್ದರು. ಗೂಡು ಬೇಯಿಸಿ ದಾರ ಎಳೆಯುವ ಸಣ್ಣ ಕಾರ್ಖಾನೆ. ಮಾಲೀಕನಿಲ್ಲ, ಕೆಲಸ ಮಾಡುವವರೇ ಒಡೆಯರು. ಇವರಿಗೆ ಅದರ ಮೇಲೆ ಮಗಳಿಗಿಂತ ಹೆಚ್ಚು ಪ್ರೀತಿ ಎಂದು ನಾನು ಹಂಗಿಸುತ್ತಿದ್ದೆ. ನಾನು ಶಾಲೆಯಲ್ಲಿ ಪಾಠ ಮಾಡುವ ಹೊತ್ತಿಗೆ ಇವರು ಹೋಗಿ ಘಟಕದ ಬಾಗಿಲಲ್ಲಿ ಸ್ಟೂಲು ಹಾಕಿಕೊಂಡು ಕೂರುತ್ತಿದ್ದರು. ರಾಟೆ ತಿರುಗುವುದು, ಹೆಂಗಸರು ಬೈದಾಡುವುದು, ಬಾಯ್ಲರ್ ಉಸ್ಸೆನ್ನುವುದು ಎಲ್ಲ ಅವರಿಗೆ ಸಂಗೀತ.

ಆ ವರ್ಷ ಆಷಾಢದಲ್ಲೇ ಮಳೆ ಹಿಡಿಯಿತು. ಗೂಡು ತೇವ, ಸೌದೆ ತೇವ, ಹಬೆ ಸಾಲದು, ಕೊಡಬೇಕಾದ ದಾರ ಬೇಕಾದಷ್ಟು ಬಾಕಿ. ಬಾಯ್ಲರ್‌ನ ನೆತ್ತಿಯಲ್ಲಿ ಒಂದು ಕಬ್ಬಿಣದ ತೋಳು ಇರುತ್ತದೆ, ಅದರ ತುದಿಗೆ ಒಂದು ತೂಕ. ಒಳಗೆ ಹಬೆ ಹೆಚ್ಚಾದರೆ ತೋಳು ತಾನಾಗಿ ಮೇಲೆದ್ದು ಉಸ್ಸೆಂದು ಹಬೆ ಬಿಟ್ಟು ಅಪಾಯ ತಪ್ಪಿಸುತ್ತದೆ. ಒಂದು ರಾತ್ರಿ ಇವರು ಊಟಕ್ಕೆ ಕೂತು ತಟ್ಟೆಯನ್ನು ಪಕ್ಕಕ್ಕೆ ಸರಿಸಿದರು. "ಬಾಯ್ಲರ್ ಉಸ್ರು ಬುಡ್ತಿಲ್ಲ ಕಣೇ" ಅಂದರು. ಮಾರನೆಯ ದಿನ ಹೋಗಿ ಕೈಯಾಡಿಸಿ ನೋಡಿದ್ದಾರೆ. ತೋಳಿಗೆ ಇನ್ನೊಂದು ತೂಕದ ಬಟ್ಟನ್ನು ತಂತಿಯಲ್ಲಿ ಬಿಗಿದು ಕಟ್ಟಿದ್ದರು, ಅದು ಏಳಲೇಬಾರದೆಂದು. ಹಬೆ ಪೋಲಾಗಬಾರದಲ್ಲ.

ಇವರು ಸಮಿತಿಯಲ್ಲಿ ಮಾತೆತ್ತಿದರು. ಘಟಕದಲ್ಲಿ ದಾರ ಎಳೆಯುತ್ತಿದ್ದ ಪುಟ್ಟಮ್ಮ, ಸಮಿತಿಯಲ್ಲಿದ್ದ ಒಬ್ಬಳೇ ಹೆಂಗಸು, ಅವಳೂ ದನಿಗೂಡಿಸಿದಳಂತೆ, "ಹೆಣ್ಮಕ್ಳು ಬಾಯ್ಲರ್ ಪಕ್ಕ ನಿಂತ್ಕಳಕ್ಕೇ ಹೆದುರ್ತಾವೆ ನಾಗರಾಜಣ್ಣ." ನಾಗರಾಜು ಲವಂಗ ಕಡಿದು, "ಇದೊಂದು ಆರ್ಡ್ರು ಮುಗೀಲಿ ಬುಡ್ರಪ್ಪ, ಆಮೇಲೆ ಬಿಚ್ಚಿಸಿದ್ರಾಯ್ತು" ಅಂದ. ಮಾತು ಅಲ್ಲಿಗೆ ನಿಂತಿತು.

ಆರ್ಡರ್ ಮುಗಿಯುವ ಮೊದಲೇ ಬಾಯ್ಲರ್ ಸಿಡಿಯಿತು. ನಾನು ತರಗತಿಯಲ್ಲಿದ್ದೆ. ಬೆಟ್ಟದ ಕಡೆ ಬಂಡೆ ಸಿಡಿಸುತ್ತಿರಬೇಕೆಂದು ಪಾಠ ಮುಂದುವರಿಸಿದೆ. ಮಧ್ಯಾಹ್ನದ ಹೊತ್ತಿಗೆ ಸುದ್ದಿ ಬಂತು. ಸತ್ತವಳು ನೂರಿ. ಮದುವೆ ಗೊತ್ತಾಗಿದ್ದ ಹುಡುಗಿ. ಯಜಮಾನರು ಬಾಗಿಲಲ್ಲಿ ಕೂತಾಗಲೆಲ್ಲ "ಚಾ ಕುಡೀತೀರಾ ಮರಿಯಣ್ಣ?" ಎಂದು ಮೊದಲು ಕೇಳುತ್ತಿದ್ದವಳು. ಅಂದು ಬೆಳಿಗ್ಗೆ ಇವರು ಹೊಟ್ಟೆ ಕೆಟ್ಟು ಮನೆಯಲ್ಲಿದ್ದರು, ಇಲ್ಲದಿದ್ದರೆ ಇವರೂ ಅಲ್ಲೇ ಇರುತ್ತಿದ್ದರು.

ಮೂರನೆಯ ದಿನದ ಕಾರ್ಯ ಮುಗಿಯುವಷ್ಟರಲ್ಲಿ ಸಮಿತಿ ಕೂಡಿತು. ಸರ್ಕಾರದಿಂದ ವಿಚಾರಣೆಗೆ ಅಧಿಕಾರಿ ಬರುತ್ತಾರೆ, ಏನು ಹೇಳುವುದು ಎಂಬ ಪ್ರಶ್ನೆ. ನಾಗರಾಜು ಹೇಳಿದನಂತೆ, ನೂರಿ ತಪ್ಪು ವಾಲ್ವ್ ತಿರುಗಿಸಿದಳು ಎಂದು ಹೇಳೋಣ, ಸತ್ತವಳಿಗೆ ಇದರಿಂದ ಇನ್ನೇನು ನಷ್ಟ, ನಿಜ ಹೇಳಿದರೆ ಘಟಕಕ್ಕೆ ಬೀಗ ಬೀಳುತ್ತದೆ, ಊರಿನ ಮಾಲೀಕರೆಲ್ಲ ಪಟಾಕಿ ಹೊಡೆಯುತ್ತಾರೆ, ಅಷ್ಟು ಹೆಂಗಸರು ಬೀದಿಗೆ ಬೀಳುತ್ತಾರೆ. ಅವನು ಹೇಳಿದ್ದರಲ್ಲಿ ಕಡೆಯ ಮಾತು ಸುಳ್ಳಲ್ಲ ಎಂದು ನನಗೂ ಅನ್ನಿಸಿತ್ತು. ಆದರೆ ನಮ್ಮೆಜಮಾನರು ಎದ್ದು ನಿಂತು, "ಮಾಲೀಕ ಮಾಡಿದ್ರೆ ಕೊಲೆ ಅಂತ ಕೂಗ್ತಿದ್ವಿ. ನಾವು ಮಾಡಿದ್ರೆ ಆ ಹುಡ್ಗಿ ತಪ್ಪಾ?" ಎಂದರು. ವಿಚಾರಣೆಗೆ ಹೋಗಿ ತೂಕದ ವಿಷಯವನ್ನೂ ಸಮಿತಿಯಲ್ಲಿ ನಡೆದದ್ದನ್ನೂ ಹೇಳುತ್ತೇನೆಂದರು. ಸಮಿತಿಯೊಳಗಿನ ಮಾತು ಹೊರಗೆ ಹೋಗುವಂತಿಲ್ಲ, ಅದು ಪಕ್ಷದಲ್ಲಿ ಎಲ್ಲಕ್ಕಿಂತ ದೊಡ್ಡ ಅಪರಾಧ. ಅವರನ್ನು ಪಕ್ಷದಿಂದ ತೆಗೆದುಹಾಕುವ ಠರಾವು ಅಲ್ಲೇ ಮಂಡನೆಯಾಯಿತು.

ಅಂದು ನಾಗರಾಜು "ಕೈ ಎತ್ತಿ" ಎಂದಷ್ಟೇ ಹೇಳಿದ. ಹೆಸರು ಹೇಳಿ ಅನ್ನಲಿಲ್ಲ.

ಸಮಿತಿ ಮುಗಿದರೆ ಸ್ಕೂಟರಿನಲ್ಲಿ ಮನೆಗೆ ತಂದುಬಿಡುತ್ತಿದ್ದವನು ನಾಗರಾಜುವೇ. ಅಂದು ಇವರು ಯಾವುದೋ ಆಟೋದವನ ಕೈಕಾಲು ಹಿಡಿದು ತೊಯ್ದು ತೊಪ್ಪೆಯಾಗಿ ಬಂದರು. ತಲೆ ಒರೆಸುತ್ತಾ ನಾನು ಕೇಳಿದೆ, "ಯಾರ್ಯಾರು ಎತ್ತಿದ್ರು?"

"ಗೊತ್ತಾಗ್ಲಿಲ್ಲ ಕಣೇ. ಎಸ್ರು ಯೋಳ್ರಪ್ಪ ಅಂದೆ. ಯಾರೂ ಉಸ್ರು ಎತ್ಲಿಲ್ಲ. ಕೈ ಎತ್ವಾಗ ಅಂಗಿ ತೋಳು ಒಸಿ ಸದ್ದು ಮಾಡ್ತದೆ. ಶೀಟಿನ ಮ್ಯಾಲೆ ಮಳೆ ಉಯ್ತಿತ್ತು. ಅದೂ ಕೇಳ್ಸಿಲ್ಲ." ಟವೆಲನ್ನು ನನ್ನ ಕೈಯಿಂದ ತೆಗೆದುಕೊಂಡು ಮತ್ತೆ ಹೇಳಿದರು, "ಎಲ್ರೂ ಎತ್ತಿರ್ಬೋದು. ಒಬ್ರೂ ಎತ್ತದೇನೂ ಇರ್ಬೋದು. ಅವ್ನು 'ಆಯ್ತು' ಅಂದ, ಆಗೋಯ್ತು."

ಪಕ್ಷದಿಂದ ತೆಗೆದವರ ಜೊತೆ ಯಾರೂ ಮಾತಾಡಬಾರದು, ಅದೂ ಒಂದು ನಿಯಮ. ಕಣ್ಣಿದ್ದವರಿಗೆ ಅದು ಅವಮಾನ, ಅಷ್ಟೆ. ಎದುರಿಗೆ ಬಂದವನು ಮುಖ ತಿರುಗಿಸಿದ್ದು ಕಾಣುತ್ತದೆ, ನಾವೂ ಒಂದು ಉಗಿದು ಮುಂದೆ ಹೋಗಬಹುದು. ಇವರಿಗೆ ಮಾತಾಡದ ಮನುಷ್ಯ ಎಂದರೆ ಇಲ್ಲವೇ ಇಲ್ಲದ ಮನುಷ್ಯ. ಒಂದೇ ವಾರದಲ್ಲಿ ಇವರ ಪಾಲಿಗೆ ರಾಮನಗರ ಖಾಲಿಯಾಯಿತು. ಫೋನ್ ಬಂದರೆ ಕರೆದವರ ಹೆಸರನ್ನು ಕೂಗುವ ಹಾಗೆ ಮಗಳು ಮಾಡಿಕೊಟ್ಟಿದ್ದಳು. ದಿನವಿಡೀ ನಾಗರಾಜು, ಪುಟ್ಟಮ್ಮ, ಅವರು ಇವರು ಎಂದು ಬಡಬಡಿಸುತ್ತಿದ್ದ ಫೋನು ಬಾಯಿ ಮುಚ್ಚಿತು. ಒಂದು ದಿನ ಟೀ ಅಂಗಡಿಯಿಂದ ಬಂದು ಹೇಳಿದರು, "ಅಂಗ್ಡಿ ಖಾಲಿ ಐತೆ ಅಂದ್ಕಂಡು ಕೂತಿದ್ದೆ. ಏಳುವಾಗ ಯಾರ್ದೋ ಮೊಣಕಾಲು ತಗುಲ್ತು. ಆ ಕಡೆ ತಿರುಗಿದ್ರೆ ಇನ್ನೊಬ್ರದು. ಬೆಂಚು ತುಂಬಾ ಕೂತವ್ರೆ ಜಯಾ, ನಮ್ಮೋರೇ." ಹೇಳಿ ನಕ್ಕರು. ನನಗೆ ನಗು ಬರಲಿಲ್ಲ.

ಕಣ್ಣಿದ್ದ ನನ್ನ ಪಾಡು ಬೇರೆ. ಇಬ್ಬರೂ ಬೀದಿಯಲ್ಲಿ ಹೋಗುವಾಗ ಕಟ್ಟೆ ಮೇಲೆ ಕೂತ ಸಂಘದ ಹುಡುಗರು ಮಾತು ನಿಲ್ಲಿಸಿ ನಾವು ದಾಟುವವರೆಗೂ ಕಣ್ಣು ಕೀಳದೆ ನೋಡುತ್ತಿದ್ದರು. ಹೇಳಬಾರದು ಎಂದು ನಾನು ಬಾಯಿ ಬಿಗಿಹಿಡಿದರೂ ಹೆಗಲು ಕೇಳುತ್ತಿರಲಿಲ್ಲ, ಸೆಟೆದುಕೊಳ್ಳುತ್ತಿತ್ತು. ಹೆಗಲ ಮೇಲಿನ ಕೈ ಕೂಡಲೇ ಕೇಳುತ್ತಿತ್ತು, "ಯಾರು?" ನಾನು "ನಾಯಿ" ಅನ್ನುತ್ತಿದ್ದೆ. "ಭಾರಿ ನಾಯಿ ಆಗೋದ್ವು ಈ ಊರಲ್ಲಿ" ಅನ್ನುತ್ತಿದ್ದರು.

ವಿಚಾರಣೆ ಗೌರಿ ಹಬ್ಬ ಕಳೆದ ಮೇಲೆ ಎಂದು ಗೊತ್ತಾಯಿತು. ಅಲ್ಲಿಂದ ಫೋನ್ ಮತ್ತೆ ಶುರುವಾಯಿತು, ಆದರೆ ಅದು ಯಾರ ಹೆಸರನ್ನೂ ಕೂಗುತ್ತಿರಲಿಲ್ಲ, ಬರೀ ಅಂಕಿಗಳು. ಎತ್ತಿದರೆ ಮಾತಿಲ್ಲ. ಉಸಿರು ಮಾತ್ರ, ಕೆಲವೊಮ್ಮೆ ಅದೂ ಇಲ್ಲ. ನಾನು ಕಿತ್ತುಕೊಂಡು ಬೈಗುಳದ ಮಳೆ ಸುರಿಸುತ್ತಿದ್ದೆ. ಅಷ್ಟು ವರ್ಷ ಮಕ್ಕಳಿಗೆ ಸನ್ನಡತೆ ಕಲಿಸಿದ ಬಾಯಿಗೆ ಅಂಥ ಮಾತುಗಳು ಎಲ್ಲಿಂದ ಬಂದವೋ ದೇವರೇ ಬಲ್ಲ.

ನಮ್ಮ ಮನೆಯ ಮುಂದೆ ಚರಂಡಿ, ಅದರ ಮೇಲೆ ದಾಟುವುದಕ್ಕೆ ಒಂದು ಕಲ್ಲುಚಪ್ಪಡಿ. ಒಂದು ಬೆಳಿಗ್ಗೆ ನಾನು ಒಳಗೆ ಸೀರೆ ಉಡುತ್ತಿದ್ದಾಗ ಹೊರಗೆ ದೊಪ್ಪೆಂದ ಸದ್ದು. ಓಡಿ ಬಂದೆ. ಚಪ್ಪಡಿ ಪಕ್ಕಕ್ಕೆ ಸರಿದಿತ್ತು. ಇವರು ಮೊಣಕಾಲ ತನಕ ಕೊಳಚೆಯಲ್ಲಿ, ಕಾಲಿನ ಮೂಳೆ ಮೇಲಿನ ಚರ್ಮ ಸುಲಿದು ರಕ್ತ. ಹೂಳು ತೆಗೆಯುವವರು ಸರಿಸಿರಬೇಕು ಎಂದು ಎದುರುಮನೆಯಾಕೆ ಅಂದಳು. ಹೂಳು ತೆಗೆಯುವವರನ್ನು ಹುಡುಕಿಕೊಂಡು ಹೋಗಿ ಕೇಳಿದೆ. ಒಬ್ಬ "ಆ ಕಡೀಕೇ ಬಂದಿಲ್ಲ ಮೇಡಮ್ಮು" ಎಂದ, ಇನ್ನೊಬ್ಬ "ಬಂದಿದ್ವೇನೋ" ಎಂದ. ಯಾವುದು ನಿಜವೋ ಇಂದಿಗೂ ಗೊತ್ತಿಲ್ಲ. ಅಂದಿನಿಂದ ಎದ್ದ ಕೂಡಲೇ ನಾನು ಮೊದಲು ಹೋಗಿ ಚಪ್ಪಡಿ ಮೇಲೆ ಕುಣಿದು ಬರುತ್ತಿದ್ದೆ. ರಂಗೋಲಿ ಹಾಕದಿದ್ದರೂ ಅದನ್ನು ತಪ್ಪಿಸಲಿಲ್ಲ. ಕನಕಪುರಕ್ಕೆ ಕೊಟ್ಟ ಮಗಳು ಫೋನಿನಲ್ಲಿ ಅತ್ತು ಕರೆದಳು, ಬಂದು ಇಲ್ಲಿರಿ ಎಂದು. ವಿಚಾರಣೆ ಮುಗಿಯಲಿ ಅಂದರು ಅಪ್ಪ.

ಆಮೇಲೆ ಶುರುವಾಗಿದ್ದು ಬಾಗಿಲ ವಿಷಯ. ನಾನು ಶಾಲೆಗೆ ಹೋದ ಮೇಲೆ ಇವರೊಬ್ಬರೇ ನಡುಮನೆಯಲ್ಲಿ ಕೂರುತ್ತಿದ್ದರು. ಬಾಗಿಲು ಹಾಕಿಕೊಳ್ಳಿ ಎಂದರೆ ಕೇಳುತ್ತಿರಲಿಲ್ಲ. "ಬಾಗ್ಲು ಆಕಿದ್ರೆ ಬೀದಿ ಕಾಣಲ್ಲ ಕಣೇ" ಅನ್ನುತ್ತಿದ್ದರು. ಒಂದು ಸಂಜೆ, ಹೀರೇಕಾಯಿ ಹೆರೆಯುತ್ತಾ ಕೂತಿದ್ದ ನನಗೆ ಊಟದ ವಿಷಯ ಹೇಳಿದಷ್ಟೇ ಸಲೀಸಾಗಿ ಹೇಳಿದರು. ಕೆಲವು ದಿನಗಳಿಂದ ಮಧ್ಯಾಹ್ನ ಯಾರೋ ಬಂದು ಬಾಗಿಲಲ್ಲಿ ನಿಲ್ಲುತ್ತಾರೆ. ಮಾತಿಲ್ಲ. ಸ್ವಲ್ಪ ಹೊತ್ತು ನಿಂತು ಹೋಗುತ್ತಾರೆ.

"ಅದೆಂಗೆ ಗೊತ್ತು?"

"ಬಾಗ್ಲಲ್ಲಿ ಆಳು ನಿಂತ್ರೆ ಬೀದಿ ಸದ್ದು ತಗ್ತದೆ. ಬಾಯಿಗೆ ಕೈ ಅಡ್ಡ ಇಟ್ಟಂಗೆ."

"ಯಾರು ಅಂತ ಕೇಳಲಿಲ್ವಾ?"

"ಕೇಳ್ದೆ. ಯೋಳ್ಲಿಲ್ಲ. ಬುಡು, ಕಳ್ಳ ಬಂದ್ರೆ ಈ ಮನೇಲಿ ಏನೈತೆ, ನಿನ್ ಈರೇಕಾಯಿ ತಗಂಡೋಗ್ಬೇಕು" ಎಂದು ದೊಡ್ಡದಾಗಿ ನಕ್ಕರು.

ಆ ನಗು ಕೇಳಿ ನನಗೆ ಸಿಟ್ಟೂ ಬಂತು, ಒಂದು ಥರ ಧೈರ್ಯವೂ ಬಂತು. ನಮ್ಮಿಬ್ಬರಲ್ಲಿ ಹೆದರುವ ಕೆಲಸ ನನ್ನದು, ಅವರದಲ್ಲ ಎಂದುಕೊಂಡೆ. ಶಾಲೆಯಲ್ಲಿ ಕರಿಹಲಗೆಗೆ ತಿರುಗಿ ಬರೆಯುವಾಗ ನಮ್ಮ ಬಾಗಿಲು ಕಣ್ಣ ಮುಂದೆ ಬರುತ್ತಿತ್ತು, ಸೀಮೆಸುಣ್ಣ ಮುರಿಯುತ್ತಿತ್ತು. ಸಂಜೆ ಓಡೋಡಿ ಬಂದು ಬೀದಿಯ ಮೂಲೆಯಿಂದಲೇ "ನಾನೂ, ಜಯ" ಎಂದು ಕೂಗುತ್ತಿದ್ದೆ. "ಬಾ" ಎಂಬ ಉತ್ತರ ಬಂದ ಮೇಲೆಯೇ ನನ್ನ ಎದೆ ಹದಕ್ಕೆ ಬರುತ್ತಿದ್ದದ್ದು.

ಹಬ್ಬದ ಹಿಂದಿನ ದಿನ ನಾಗರಾಜು ಬಂದ. ಅವನು ಮಾತ್ರ ಬಾಗಿಲಲ್ಲಿ ಗಟ್ಟಿಯಾಗಿ ಹೆಸರು ಹೇಳಿದ. ಲವಂಗದ ವಾಸನೆ ಒಳಗೆ ಬಂತು. ಬಹಳ ಹೊತ್ತು ಹಳೆಯದನ್ನೆಲ್ಲ ಮಾತಾಡಿದ. "ಲೇ ಮರಿಯ, ನಮ್ ಕೈಯಾರೆ ಕಟ್ಟಿದ್ದು ಕಣ್ಲಾ ಅದು. ನೀನೇ ಬೀಗ ಆಕ್ಸಿಯೇನ್ಲಾ?" ಎಂದಾಗ ಅವನು ನಟಿಸುತ್ತಿದ್ದಾನೆಂದು ನನಗೆ ಅನ್ನಿಸಲಿಲ್ಲ. ಇವರು, "ಆ ತಂತಿ ನನ್ ಕೈಗೆ ಸಿಕ್ಕಿತ್ತು ಕಣ್ಲಾ ನಾಗರಾಜ. ಇನ್ನೂ ಬೆರಳಲ್ಲೇ ಐತೆ" ಎಂದಷ್ಟೇ ಅಂದರು. ಹೊರಡುವಾಗ ನಾಗರಾಜು ಜಗುಲಿಯಲ್ಲಿ ನನಗೊಬ್ಬಳಿಗೇ ಕೇಳುವ ಹಾಗೆ ಹೇಳಿದ, "ಕಣ್ ಕಾಣದೋನು, ಬೀದೀಲಿ ಓಡಾಡೋನು. ನಾನೇನೂ ಮಾಡಲ್ಲ, ಸತ್ಯವಾಗ್ಲೂ. ಹುಡುಗ್ರು ಬಿಸಿರಕ್ತದೋರು, ನನ್ ಮಾತು ಕೇಳಲ್ಲ. ನೀವಾದ್ರೂ ಒಸಿ ಬುದ್ಧಿ ಯೋಳಿ ಮೇಡಂ." ಹೋಗುವಾಗ ಚಪ್ಪಡಿಯನ್ನು ಕಾಲಲ್ಲಿ ಒತ್ತಿ ನೋಡಿ, ಅದು ಗಟ್ಟಿಯಾಗಿದೆಯೆಂದು ಖಾತ್ರಿ ಮಾಡಿಕೊಂಡು ದಾಟಿದ. ಅವನು ಮರೆಯಾದ ಮೇಲೆ ನಾನೂ ಹೋಗಿ ಅದನ್ನು ಒತ್ತಿ ನೋಡಿದೆ.

ಅಂದು ನಾವಿಬ್ಬರೂ ಜಗಳವಾಡಿದೆವು. ವಿಚಾರಣೆಗೆ ಹೋಗಬೇಡಿ ಎಂದೆ. ನೂರಿ ವಾಪಸ್ಸು ಬರುವುದಿಲ್ಲ, ನಿಮಗೇನಾದರೂ ಆದರೆ ನನಗೆ ಯಾರು ಗತಿ ಎಂದೆ. ಹಬ್ಬಕ್ಕೆಂದು ಕುಟ್ಟಿದ ಬೆಲ್ಲ ಹಾಗೇ ಉಳಿಯಿತು. ಅವರು ಹೋಗೇ ಹೋಗುತ್ತೇನೆಂದರು. ಅಷ್ಟರಲ್ಲಿ ಬಾಗಿಲಲ್ಲಿ ಒಂದು ಸಣ್ಣ ದನಿ, "ನೂರಿ ಅಮ್ಮ." ಬೀಬಮ್ಮ ಬಂದಿದ್ದಳು. ಒಳಗೆ ಬಾ ಎಂದರೂ ಬರಲಿಲ್ಲ. "ಅಣ್ಣಾ, ನನ್ಗೆ ಬೇರೆ ಏನೂ ಬೇಡ. ನನ್ ಮಗ್ಳು ಯಾವ ವಾಲ್ವೂ ಮುಟ್ಟಿಲ್ಲ ಅಂತ ಒಂದ್ ಮಾತು ಹೇಳ್ಬಿಡಿ. ಬೀದೀಲಿ ಎಲ್ರೂ ಅವ್ಳೇ ಸಾಯಿಸ್ಕೊಂಡ್ಳು ಅಂತಾವ್ರೆ" ಎಂದು ಸೆರಗು ಬಾಯಿಗೆ ಒತ್ತಿಕೊಂಡಳು. ಅವಳು ಹೋದ ಮೇಲೆ ನಾನು ಹೋಗಬೇಡಿ ಎಂಬ ಮಾತನ್ನು ಮತ್ತೆ ಎತ್ತಲಿಲ್ಲ. ಹೆದರಿಕೆ ಮಾತ್ರ ಒಂದು ಕೂದಲಷ್ಟೂ ಕಡಿಮೆಯಾಗಲಿಲ್ಲ.

ವಿಚಾರಣೆಯ ದಿನ ಸೋನೆ ಮಳೆ. ಆಟೋ ಇಳಿದು ಸರ್ಕಾರಿ ಕಚೇರಿಯ ಮೆಟ್ಟಿಲು ಹತ್ತುವಾಗ ಎರಡೂ ಬದಿಗೆ ಸಂಘದವರು ಕೊಡೆ ಹಿಡಿದು ನಿಂತಿದ್ದರು. ಯಾರೂ ಪಿಟ್ಟೆನ್ನಲಿಲ್ಲ. ಯಾರಾದರೊಬ್ಬರು ಕಾಲು ಅಡ್ಡ ಇಟ್ಟರೆ ಸಾಕಿತ್ತು. ನಾನು ಪ್ರತಿಯೊಬ್ಬರ ಕಾಲನ್ನೂ ನೋಡುತ್ತಾ ಹತ್ತಿದೆ, ಮುಖ ನೋಡಲಿಲ್ಲ. ನನ್ನ ಹೆಗಲು ಕಲ್ಲಾಗಿತ್ತು. ಅಂದು ಅವರು "ಯಾರು?" ಎಂದು ಕೇಳಲಿಲ್ಲ.

ಕೋಣೆ ಕಿಕ್ಕಿರಿದಿತ್ತು, ಒದ್ದೆ ಬಟ್ಟೆಯ ವಾಸನೆ, ಗೂಡಿನ ವಾಸನೆ. ಸಂಘದ ಪರವಾಗಿ ಬಂದ ವಕೀಲ ಮೊದಲ ಪ್ರಶ್ನೆಯನ್ನೇ ನಗುತ್ತಾ ಕೇಳಿದ, "ಕಣ್ಣು ಕಾಣದ ನೀವು ಏನು ನೋಡಿದಿರಿ ಎಂದು ಹೇಳಲು ಬಂದಿದ್ದೀರಿ?"

"ನಾನೇನೂ ನೋಡ್ಲಿಲ್ಲ ಸ್ವಾಮಿ. ಕೇಳ್ದೆ, ಮುಟ್ದೆ" ಎಂದರು. ಬಾಯ್ಲರ್ ಉಸಿರು ನಿಂತದ್ದು, ತೂಕದ ಬಟ್ಟು, ತಂತಿ, ಸಮಿತಿಯಲ್ಲಿ ತಾವು ಹೇಳಿದ್ದು, ನಾಗರಾಜು ಹೇಳಿದ್ದು, ಎಲ್ಲವನ್ನೂ ಒಂದಾದ ಮೇಲೊಂದು ಹೇಳಿದರು. ನಾಗರಾಜುವಿನ ಮಾತನ್ನು ಅವನದೇ ಧ್ವನಿಯಲ್ಲಿ, ಲವಂಗ ಕಡಿಯುವ ಸದ್ದಿನ ಸಮೇತ ಹೇಳಿದಾಗ ಹಿಂದೆ ಯಾರೋ ತಡೆಯಲಾರದೆ ನಕ್ಕು ಬಾಯಿ ಮುಚ್ಚಿಕೊಂಡರು. ಕಡೆಗೆ, "ನೂರಿ ಯಾವ ವಾಲ್ವೂ ಮುಟ್ಟಿಲ್ಲ. ಅವ್ಳಿಗೆ ಅದು ಎಟುಕೋದೇ ಇಲ್ಲ" ಎಂದರು.

ನಾಗರಾಜು ಎದ್ದು ನಿಂತು, ಅಂಥ ಮಾತು ಸಮಿತಿಯಲ್ಲಿ ಬಂದೇ ಇಲ್ಲ ಎಂದ. ಅಧಿಕಾರಿ ತಲೆಯೆತ್ತಿ ಕೇಳಿದರು, "ಸಮಿತಿಯವರು ಇನ್ಯಾರಾದರೂ ಹೇಳುವುದಿದೆಯೇ?" ಯಾರೂ ಅಲುಗಾಡಲಿಲ್ಲ. ಆಗ ನಮ್ಮೆಜಮಾನರು ಕುರ್ಚಿಯಲ್ಲೇ ಹಿಂದಕ್ಕೆ ತಿರುಗಿದರು. ಯಾರ ಕಡೆ ತಿರುಗಬೇಕೋ ಗೊತ್ತಾಗದೆ ಮುಖವನ್ನು ಗೋಡೆಯ ಕಡೆ ಹಿಡಿದು, "ಇವತ್ತಾದ್ರೂ ಎಸ್ರು ಯೋಳ್ರಪ್ಪ" ಎಂದರು.

"ಪುಟ್ಟಮ್ಮ."

ಅವಳು ಬಾಗಿಲ ಬಳಿ ಗೋಡೆಗೆ ಒತ್ತಿಕೊಂಡು ನಿಂತಿದ್ದಳು. ಕೈಯನ್ನೂ ಎತ್ತಿದ್ದಳು. "ಪುಟ್ಟಮ್ಮ ಕಣಣ್ಣ. ನೀನ್ ಯೋಳಿದ್ದು ದಿಟ. ನಾನೂ ಅವತ್ತು ಯೋಳಿದ್ದೆ, ಹೆಣ್ಮಕ್ಳು ಹೆದುರ್ತಾವೆ ಅಂತ. ನಿನ್ನ ತಗೀವಾಗ ನಾನೂ ಕೈ ಎತ್ತಿದ್ದೆ. ಒಂದ್ಸಲ ನಿನ್ ಬಾಗಿಲ್ಗೂ ಬಂದಿದ್ದೆ. ಬಾಯಿ ಬರ್ಲಿಲ್ಲ, ವಾಪಸ್ಸು ಹೊಂಟೋದೆ." ಅಷ್ಟು ಹೇಳಿ ಕೈ ಇಳಿಸಿದಳು. ಬೇರೆ ಯಾರೂ ಹೆಸರು ಹೇಳಲಿಲ್ಲ. ನಾಗರಾಜು ಅವಳ ಕಡೆ ನೋಡಿದ ನೋಟವನ್ನು ನಾನು ಮರೆಯಲಾರೆ.

ಒಂದು ಹೆಸರು ಸಾಕಾಯಿತು. ಹುಡುಗಿಯದು ತಪ್ಪಿಲ್ಲ ಎಂದು ತೀರ್ಮಾನವಾಯಿತು. ಬೀಬಮ್ಮ ಬಂದು ಇವರ ಎರಡೂ ಕೈ ಹಿಡಿದು ಕಣ್ಣಿಗೆ ಒತ್ತಿಕೊಂಡು ಹೋದಳು. ನಾಗರಾಜು ಹೆದರಿದಂತೆ ಘಟಕಕ್ಕೆ ಬೀಗವೂ ಬಿತ್ತು. ಕೆಲಸ ಹೋದ ಹೆಂಗಸರು ಕೆಲವರು ಸಂತೆಯಲ್ಲಿ ನನ್ನ ಮುಂದೆಯೇ ಮಣ್ಣು ತೂರಿದರು. ಅವರ ಮೇಲೆ ನನಗೆ ಸಿಟ್ಟಿಲ್ಲ. ಪುಟ್ಟಮ್ಮನಿಗೆ ಬಹಳ ದಿನ ಊರಿನಲ್ಲಿ ಯಾರೂ ಕೆಲಸ ಕೊಡಲಿಲ್ಲ. ದಸರಾ ರಜೆಯಲ್ಲಿ ನಾವು ಸಾಮಾನು ಕಟ್ಟಿಕೊಂಡು ತಿಪ್ಪಸಂದ್ರಕ್ಕೆ, ನನ್ನ ತವರಿನ ಪಕ್ಕದ ಮನೆಗೆ ಬಂದೆವು. ನಾನು ಮಾಗಡಿ ಕಡೆಗೆ ವರ್ಗ ಮಾಡಿಸಿಕೊಂಡೆ.

ಲಾರಿಯಲ್ಲಿ ಬರುವಾಗ ಇವರು ಒಂದೇ ಒಂದು ಮಾತು ಕೇಳಿದ್ದರು. "ಪುಟ್ಟಮ್ಮ ಬಂದಿದ್ದು ಒಂದ್ಸಲ ಅಂದ್ಲು. ಮಿಕ್ಕಿದ್ ದಿನವೆಲ್ಲಾ ಬಾಗ್ಲಲ್ಲಿ ನಿಂತೋರು ಯಾರು ಜಯಾ?" ಬಿಡಿ, ಇನ್ನು ಯಾರೂ ಬರುವುದಿಲ್ಲ ಎಂದೆ. ಅವರು ಆಮೇಲೆ ಆ ಮಾತು ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಹೋದ ತಿಂಗಳ ನಾಮಕರಣ ಪುಟ್ಟಮ್ಮನ ಮೊಮ್ಮಗಳದು. ಅವಳ ಮನೆ ಈಗಲೂ ಆ ಓಣಿಯಲ್ಲೇ, ಪಕ್ಕದಲ್ಲೇ ಬೇರೆ ಯಾರದೋ ಘಟಕ. ಊಟ, ಮಾತು, ಅಳು, ನಗು ಎಲ್ಲ ಮುಗಿಸಿ ಬಸ್ಸು ಹತ್ತುವ ಹೊತ್ತಿಗೆ ನನ್ನ ಸೀರೆ, ತಲೆಗೂದಲೆಲ್ಲ ಗೂಡಿನ ವಾಸನೆ ಹಿಡಿದಿತ್ತು. ತಿಪ್ಪಸಂದ್ರದಲ್ಲಿ ಇಳಿದಾಗ ಬಿಸಿಲು ಇನ್ನೂ ಇತ್ತು. ಬೀದಿಯಲ್ಲಿ ಕುರಿಗಳು ಮನೆಗೆ ಹೊರಟಿದ್ದವು, ಒಂದೇ ಗಲಾಟೆ. ಬಾಗಿಲು ತೆರೆದಿತ್ತು. ಇವರು ಕುರ್ಚಿಯಲ್ಲಿ ಕೂತಿದ್ದರು. ನಾನಿಲ್ಲವೆಂದು ತಾವೇ ಗಡ್ಡ ಹೆರೆದುಕೊಂಡು ಕಿವಿಯ ಹತ್ತಿರ ಒಂದು ಕುಚ್ಚು ಬಿಟ್ಟುಕೊಂಡಿದ್ದರು. ಅದನ್ನು ನೋಡಿ ನನಗೆ ನಗು ಬಂತು. ಕೂಗದೆ ಹಾಗೇ ಬಾಗಿಲಲ್ಲಿ ನಿಂತು ನೋಡಿದೆ.

ಅವರ ತಲೆ ಮೇಲಕ್ಕೆದ್ದಿತು. ಮೂಗು ಅರಳಿತು. ಒಂದು ಕೈ ಕುರ್ಚಿಯ ಕೆಳಗಿನ ಕೋಲನ್ನು ಹುಡುಕಿ ಅದರ ನಡುಭಾಗವನ್ನು ಬಿಗಿಯಾಗಿ ಹಿಡಿಯಿತು, ಹೊಡೆಯುವುದಕ್ಕೆ ಹಿಡಿಯುವ ಹಾಗೆ. ಇನ್ನೊಂದು ಕೈ ಹಿಂದಿನ ಗೋಡೆಯನ್ನು ತಡವಿತು. ಮುಖದಲ್ಲಿ ರಕ್ತವೇ ಇರಲಿಲ್ಲ. ತುಟಿ ಅಲುಗಿತು, "ಯಾರು" ಎಂಬ ಮಾತು ಹೊರಗೆ ಬರಲಿಲ್ಲ.

ಇಷ್ಟು ವರ್ಷದ ಸಂಸಾರದಲ್ಲಿ ನಾನು ಆ ಮುಖವನ್ನು ನೋಡಿರಲಿಲ್ಲ. ನೋಡುವುದಾದರೂ ಹೇಗೆ, ಹೆಸರು ಕೂಗದೆ ನಾನು ಒಂದು ದಿನವೂ ಮನೆ ಬಾಗಿಲಿಗೆ ಬಂದವಳಲ್ಲ. ಆ ಮಳೆಗಾಲದ ಮಧ್ಯಾಹ್ನಗಳಲ್ಲಿ ಒಬ್ಬರೇ ಕೂತು ಈ ಮುಖ ಹೊತ್ತಿದ್ದು, ಸಂಜೆ ನನ್ನ ಕೂಗು ಕೇಳುತ್ತಲೇ ಒರೆಸಿ ಹಾಕಿ, ಹೀರೇಕಾಯಿ ಕಳ್ಳನ ಕಥೆ ಹೇಳಿ ನಕ್ಕಿದ್ದರು.

"ಜಯ" ಎಂದೆ. "ನಾನು ಕಣ್ರೀ, ಜಯ."

ಉಸಿರು ಬಿಟ್ಟರು. "ಎಸ್ರು ಯೋಳ್ಕಂಡು ಬರಕ್ಕೇನೆ ರೋಗ ನಿಂಗೆ?" ಎಂದು ನಕ್ಕರು. "ರಾಮನಗರದ ವಾಸ್ನೆ ಬಂತು. ಅದ್ಕೇ." ಆಮೇಲೆ ಏನೂ ಆಗಿಲ್ಲವೆಂಬಂತೆ ಕೇಳಿದರು, "ಮಗೀಗೆ ಏನಂತ ಎಸ್ರಿಟ್ರು?"

ಹೇಳಿದೆ. ಚೆನ್ನಾಗಿದೆ ಎಂದು ತಲೆಯಾಡಿಸಿದರು. ಕೋಲನ್ನು ಮಾತ್ರ ಕೆಳಗಿಡಲಿಲ್ಲ.